ಜನರೇಟರ್ ಕೆಟ್ಟಿರುವ ದ್ವೀಪ

ಆ ದ್ವೀಪವನ್ನು ಅವಳು ಆರಿಸಿದ್ದೇ ಅಲ್ಲಿ ಏನೂ ಇಲ್ಲ ಅನ್ನುವ ಕಾರಣಕ್ಕೆ. ತೆಂಗಿನ ಮರ, ಬೆಚ್ಚಗಿನ ಕಡಲು, ನಾಲ್ಕು ಕೋಣೆಯ ಒಂದು ತಂಗುಮನೆ, ಅಷ್ಟೆ. ಹಲ್ಲಿನ ಡಾಕ್ಟರ ಪಕ್ಕ ನಿಂತು ಬೆಳಗಿನಿಂದ ಸಂಜೆವರೆಗೆ ಡ್ರಿಲ್ಲಿನ ಕಿರ್ರೆನ್ನುವ ಸದ್ದು ಕೇಳುವವಳಿಗೆ ಐದು ದಿನ ಕಿವಿಗೆ ಬಿಡುವು ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಗಂಡ ಬೇಕಿತ್ತು, ಕೈಯಲ್ಲಿ ಸ್ಪ್ಯಾನರ್ ಇಲ್ಲದ ಗಂಡ.

ಅವನು ಜನರೇಟರ್ ಮೆಕ್ಯಾನಿಕ್. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವ ಗಾದೆ ಕಟ್ಟಿದವರು ಇವನನ್ನು ನೋಡಿಯೇ ಕಟ್ಟಿರಬೇಕು. ಸ್ವಂತ ಬಚ್ಚಲುಮನೆಯ ನಲ್ಲಿ ಸೋರುತ್ತಲೇ ಇದೆ. ಬೇರೆ ಯಾರದೋ ಎಂಜಿನ್ ಕೆಮ್ಮಿತು ಅಂದರೆ ತಟ್ಟೆ ಬಿಟ್ಟು ಏಳುತ್ತಾನೆ. ಮದುವೆಯಾದ ಹೊಸದರಲ್ಲಿ ಬೆಟ್ಟ ನೋಡಲು ಹೋದಾಗ ದಾರಿಯಲ್ಲಿ ಬಸ್ಸು ಕೆಟ್ಟಿತು. ಇವನು ಅದರ ಅಡಿಗೆ ನುಗ್ಗಿದ, ಅವಳು ಒಬ್ಬಳೇ ಕಲ್ಲಿನ ಮೇಲೆ ಕೂತು ಸೂರ್ಯ ಮುಳುಗುವುದನ್ನು ನೋಡಿದಳು.

ಈ ಸಲ ಮಾತ್ರ ಕೈಕಟ್ಟಿಕೊಂಡು ಕೂರಬೇಕು ಎಂದು ಅವಳು ಮಾತು ತಗೊಂಡಿದ್ದಳು. ಅವನು ಹೂಂ ಅಂದಿದ್ದ. ಹೂಂ ಅನ್ನುವುದು ಅವನಿಗೆ ಎಂದೂ ಕಷ್ಟವಾಗಿಲ್ಲ.

ದೋಣಿ ಎಷ್ಟು ಹೊತ್ತಿಗೆ ಎಂದು ತಂಗುಮನೆಯ ಒಡತಿಯನ್ನು ಫೋನಿನಲ್ಲಿ ಕೇಳಲು ಅವನಿಗೆ ಹೇಳಿದ್ದೇ ಅವಳು ಮಾಡಿದ ತಪ್ಪು. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದವಳಿಗೆ ಮೊದಲು ದೋಣಿಯ ಮಾತು ಕೇಳಿಸಿತು. ಆಮೇಲೆ ಅವನ ದನಿ ಮೆತ್ತಗಾಯಿತು, ಮಗುವಿನ ಜ್ವರ ವಿಚಾರಿಸುವ ಡಾಕ್ಟರ ಹಾಗೆ.

"ಹೊಗೆ ಕಪ್ಪಗೆ ಬರತ್ತಾ, ಬೆಳ್ಳಗಾ?"

ಮುಗಿಯಿತು. ತಂಗುಮನೆಯ ಜನರೇಟರ್ ಕೆಟ್ಟಿತ್ತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ.

ಮರುದಿನದಿಂದ ಪೆಟ್ಟಿಗೆಯೊಳಗಿನ ಅವಳ ಬಟ್ಟೆ ಒಂದೊಂದೇ ಹೊರಗೆ, ಸ್ಪ್ಯಾನರು ಫಿಲ್ಟರುಗಳು ಒಳಗೆ. ಇಂಜೆಕ್ಟರ್ ಅನ್ನುವ ಬೆರಳುದ್ದದ ಸ್ಪೇರಿಗಾಗಿ ಪೇಟೆಯೆಲ್ಲ ಅಲೆದು, ಕೊನೆಗೂ ತಂದು, ಅವಳದೇ ಟವೆಲಿನಲ್ಲಿ ಸುತ್ತಿಟ್ಟ. ಕೇಳಿದರೆ ಒಂದೇ ಗಂಟೆ ಕೆಲಸ, ಹೋದ ತಕ್ಷಣ ಮುಗಿಸಿಬಿಡುತ್ತೇನೆ ಅಂದ. ಅತ್ತೆ ಬೇರೆ, ಗಂಡಸಿನ ಕೈ ಖಾಲಿ ಇರಬಾರದು ಎಂದು ಉರಿಯುವ ಬೆಂಕಿಗೆ ತುಪ್ಪ ಸುರಿದರು. ಅವಳ ಪಿತ್ತ ನೆತ್ತಿಗೇರಿತು. ಬರುವುದೇ ಇಲ್ಲ ಎಂದು ಹೇಳಿಬಿಡಲು ಒಡತಿಗೆ ತಾನೇ ಫೋನ್ ಮಾಡಿದಳು.

ಆ ಹೆಂಗಸು ಇವಳಿಗೆ ಬಾಯಿ ತೆರೆಯಲು ಬಿಡಲಿಲ್ಲ. ನಿಮ್ಮ ಯಜಮಾನರು ದೇವರ ಹಾಗೆ ಬರುತ್ತಿದ್ದಾರೆ ಎಂದಳು. ಕರೆಂಟಿಲ್ಲದೆ ಜನ ಬರುವುದೇ ನಿಂತಿತ್ತಂತೆ. ರಿಪೇರಿಯವರು ಬರುವ ಸುದ್ದಿ ಕೇಳಿ ಉಳಿದ ಕೋಣೆಗಳೆಲ್ಲ ಭರ್ತಿಯಾಗಿವೆಯಂತೆ. ದೊಡ್ಡ ಸ್ಪೀಕರ್ ಹೊತ್ತುಕೊಂಡು ಕಾಲೇಜು ಹುಡುಗರ ಗುಂಪೂ ಬರುತ್ತದಂತೆ.

ಅವಳು ಫೋನ್ ಇಟ್ಟು ಬಂದು ಗಂಡನ ಎದುರು ನಿಂತಳು.

"ಆ ದ್ವೀಪ ಸದ್ದಿಲ್ದೆ ಇರೋದೇ ಜನರೇಟರ್ ಕೆಟ್ಟಿರೋದ್ರಿಂದ. ನೀವು ಹೋಗಿ ಅದನ್ನೂ ಸರಿಮಾಡ್ತೀರಿ." ಕೋಣೆ ಭರ್ತಿಯಾದದ್ದನ್ನೂ ಸ್ಪೀಕರಿನ ಸುದ್ದಿಯನ್ನೂ ಹೇಳಿದಳು. "ಇಷ್ಟು ವರ್ಷ ಊರೋರದ್ದೆಲ್ಲ ಸರಿಮಾಡಿದ್ರಿ. ನನಗೆ ಬೇಕಾಗಿದ್ದು ಐದು ದಿನ ನೀವು, ಅಷ್ಟೇ."

ಅವನು ಇಂಜೆಕ್ಟರನ್ನು ಟವೆಲಿನಿಂದ ಬಿಚ್ಚಿ ಅಂಗೈಯಲ್ಲಿ ಹೊರಳಿಸಿದ. ಆಮೇಲೆ ಫೋನ್ ತಗೊಂಡ. ಸ್ಪೇರ್ ಸಿಗುತ್ತಿಲ್ಲ ಎಂದು ಗಿರಾಕಿಗೆ ಸುಳ್ಳು ಹೇಳುವ ಮೆಕ್ಯಾನಿಕ್‌ಗಳನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ತಾನು ಒಮ್ಮೆಯೂ ಆ ಮಾತು ಆಡಿದವನಲ್ಲ.

"ಅಮ್ಮಾ, ಆ ಇಂಜೆಕ್ಟರ್ ಸಿಗ್ತಾ ಇಲ್ಲ," ಎಂದ, ಅದನ್ನೇ ಮುಷ್ಟಿಯಲ್ಲಿ ಹಿಡಿದುಕೊಂಡು. "ನಾವು ಅಲ್ಲಿಂದ ವಾಪಸ್ ಹೊರಡೋ ದಿನ ಬೆಳಿಗ್ಗೆ ದೋಣೀಲಿ ಕೈಗೆ ಬರತ್ತೆ. ಅವತ್ತೇ ಹಾಕಿಕೊಡ್ತೀನಿ, ಕೂಲಿ ಬೇಡ. ಬೇರೆಯವರಿಗೆ ಆಮೇಲೆ ಬರೋಕೆ ಹೇಳಿ."

ಫೋನ್ ಇಟ್ಟಾಗ ಅವನ ಕಿವಿ ಕೆಂಪಗಾಗಿತ್ತು.

"ಮತ್ತೆ ಅಲ್ಲೀವರೆಗೂ ನಾನೇನು ಮಾಡ್ಲಿ?" ಎಂದು ಕೇಳಿದ. ತಮಾಷೆಗಲ್ಲ, ನಿಜವಾಗಿಯೂ ಹೆದರಿದ್ದ.

"ನನ್ನ ಪಕ್ಕ ಕೂತ್ಕೊಳ್ಳಿ," ಎಂದಳು. "ಹೇಗೆ ಅಂತ ನಾನು ಹೇಳಿಕೊಡ್ತೀನಿ."