ಹಾಲಮ್ಮನ ಹಸಿರು ಸೀರೆ

ಹಿತ್ತಲಲ್ಲಿ ರಾಟೆ ಕಿರುಗುಟ್ಟಿದಾಗಲೆಲ್ಲ ಗುರುಸಿದ್ದಮ್ಮನವರ ಕೈ ನಿಲ್ಲುತ್ತಿತ್ತು. ಅಂದು ಮಹಾಲಯ ಅಮಾವಾಸ್ಯೆ; ಹಿರಿಯರ ಎಡೆಗೆಂದು ಕಡುಬು ಮಾಡುತ್ತ ಕೂತವರು ಕಣಕ ಹಿಡಿದೇ ಬಾಗಿಲ ಕಡೆ ನೋಡುತ್ತಿದ್ದರು. ಅದು ಬಾವಿಯ ರಾಟೆಯಲ್ಲ, ಮೊಮ್ಮಗ ಮರುಳಪ್ಪ ತಂದಿಟ್ಟ ಹಗ್ಗ ಹೊಸೆಯುವ ರಾಟೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಾವಿಯ ರಾಟೆಯನ್ನು ಮಗಳು ಹಾಲಮ್ಮ ಹೋದ ದಿನವೇ ಕೀಳಿಸಿ ಹಾಕಿದ್ದರು. ಗೊತ್ತಿದ್ದರೂ ಜೀವ ಝಲ್ಲೆನ್ನುತ್ತಿತ್ತು.

ಹಾಲಮ್ಮ ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ಅರಸೀಕೆರೆಯ ಈ ತವರಿಗೆ ಬಂದವಳು. ಕೊಬ್ಬರಿ ಮಂಡಿಯವರ ಮನೆ, ಉಣ್ಣಲು ಉಡಲು ಕೊರತೆಯಿರಲಿಲ್ಲ. ಆದರೆ ನಡುಮನೆಯ ಹೊಸ್ತಿಲು ದಾಟುವಂತಿರಲಿಲ್ಲ. "ಅವ್ವಾ, ಕೈಗೊಂದು ಕೆಲ್ಸ ಕೊಡು. ಸುಮ್ನೆ ಕೂರಕ್ಕಾಗಲ್ಲ" ಎಂದು ಎಷ್ಟೋ ಸಲ ಅಂದಿದ್ದಳು. ಜನ ಏನಂತಾರೆ ಎಂದು ಗುರುಸಿದ್ದಮ್ಮ ಬಾಯಿ ಮುಚ್ಚಿಸಿದ್ದರು. ಒಂದು ಬೆಳಗ್ಗೆ ಅವಳು ಬಾವಿಯಲ್ಲಿ ಸಿಕ್ಕಳು.

ಅಂದಿನಿಂದ ಪ್ರತಿ ಮಹಾಲಯ ಅಮಾವಾಸ್ಯೆಗೆ ಹಿರಿಯರ ಎಡೆಯ ಮುಂದೆ ಅವಳಿಗೆಂದು ಹೊಸ ಹಸಿರು ಸೀರೆ ಇಡುತ್ತಿದ್ದರು. ಬದುಕಿದ್ದಾಗ ಉಡಗೊಡದ ಬಣ್ಣ ಅದು. ಹಬ್ಬ ಕಳೆದ ಮೇಲೆ ಉಡುವವರಿಲ್ಲದೆ ಪೆಟ್ಟಿಗೆ ಸೇರುತ್ತಿತ್ತು. ಈಗ ಅದೇ ನಡುಮನೆಯ ಮೂಲೆಯಲ್ಲಿ ಕಿರಿಯ ಸೊಸೆ ಮುದ್ದಮ್ಮ ಕೂತಿರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳದೂ ಅದೇ ಜಾಗ, ಅದೇ ಮಾಸಿದ ಬಿಳಿ ಸೀರೆ.

ಮರುಳಪ್ಪ ಮೈಸೂರಿನ ಕಾಲೇಜಿನಿಂದ ದಸರಾ ರಜಕ್ಕೆ ಬಂದಿದ್ದ. ಒಲೆಗೆ ಹೋಗುತ್ತಿದ್ದ ಕಾಯಿಸಿಪ್ಪೆಯನ್ನು ಅವನೂ ಬೇಲೂರಿನ ಸಹಪಾಠಿ ಸಂಪತ್ಕುಮಾರನೂ ಸೇರಿ ಬೇಸಿಗೆಯಲ್ಲೇ ನೆನೆಹಾಕಿಸಿದ್ದರು. ಈಗ ಕೇರಿಯ ದಿಕ್ಕಿಲ್ಲದ ಹೆಂಗಸರು ಅದನ್ನು ಬಡಿದು, ನಾರು ತೆಗೆದು, ಹಗ್ಗ ಹೊಸೆಯುತ್ತಿದ್ದರು. ಮಧ್ಯಾಹ್ನ ಅವನು ಅಪ್ಪ ಷಡಕ್ಷರಪ್ಪನೆದುರು ನಿಂತ.

"ಬಿಕ್ಕೋಡಿನ ಕಾಫಿ ತೋಟದವ್ರು ವರ್ಷಪೂರ್ತಿ ಹಗ್ಗ ತಗೋತಾರಂತೆ ಅಪ್ಪಾ. ರಜ ಮುಗಿದ್ರೆ ನಾವಿಬ್ರೂ ಇರಲ್ಲ. ಚಿಕ್ಕಮ್ಮ ನಿಂತು ನೋಡ್ಕೊಂಡ್ರೆ ನಡೆಯುತ್ತೆ. ಇಲ್ದಿದ್ರೆ ನಿಲ್ಲಿಸ್ಬೇಕು, ಆ ಹೆಂಗಸ್ರು ಮತ್ತೆ ಮನೆಮನೆ ಮುಸುರೆ ತಿಕ್ಕಕ್ಕೆ ಹೋಗ್ಬೇಕು."

"ಅಲ್ಲ ಕಣೋ, ಅವಳಿಗೆ ನಾನೇನ್ ಕಡಿಮೆ ಮಾಡಿದೀನಿ? ತಮ್ಮನ್ ಹೆಂಡ್ತಿನ ಹಗ್ಗ ಹೊಸೆಯಕ್ ಬಿಟ್ಟ ಅಂತ ಮಂಡೀಲಿ ಆಡ್ಕೊಂಡ್ರೆ ಮುಖ ಎಲ್ಲಿಟ್ಕೊಳ್ಲಿ?"

ಷಡಕ್ಷರಪ್ಪ ಕೆಟ್ಟವನಲ್ಲ. ಆಡಿದ್ದನ್ನು ನಿಜವಾಗಿಯೂ ನಂಬಿದ್ದ.

"ಹಾಲತ್ತೆಗೂ ಏನೂ ಕಡಿಮೆ ಇರ್ಲಿಲ್ಲ ಅಲ್ವಾ ಅಪ್ಪಾ?"

ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಹೆಸರು ಅದು. ಷಡಕ್ಷರಪ್ಪ ಎದ್ದು ಮಂಡಿಗೆ ಹೊರಟುಬಿಟ್ಟ.

ಒಳಗೆ ಕೇಳಿಸಿಕೊಂಡ ಗುರುಸಿದ್ದಮ್ಮ ಒಲೆಯ ಮುಂದೆ ಹಾಗೇ ಕೂತಿದ್ದರು. ಬೆನ್ನ ಹಿಂದೆ ಯಾರೋ ಬಂದು ನಿಂತಂತಾಯಿತು.

"ಕೈಗೊಂದು ಕೆಲ್ಸ ಕೊಡಿ. ಸುಮ್ನೆ ಕೂರಕ್ಕಾಗಲ್ಲ."

ಅವರು ಬೆಚ್ಚಿ ತಿರುಗಿದರು. ಮುದ್ದಮ್ಮ. ಹಾಲಮ್ಮ ಹೋಗಿ ಎಷ್ಟೋ ವರ್ಷದ ಮೇಲೆ ಈ ಮನೆಗೆ ಬಂದವಳು. ಆ ಮಾತನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸೆರಗಿನಿಂದ ನೀರು ತೊಟ್ಟಿಕ್ಕುತ್ತಿದೆಯೇನೋ ಎಂದು ಗುರುಸಿದ್ದಮ್ಮ ಅವಳ ಕಾಲಬುಡ ನೋಡಿದರು. ನೆಲ ಒಣಗಿತ್ತು. ಇವಳಿನ್ನೂ ಬದುಕಿದ್ದಾಳೆ ಎಂದು ಆಗ ಅವರಿಗೆ ಹೊಳೆಯಿತು.

ಎದ್ದು ಹೋಗಿ ಎಡೆಯ ಕಳಶದ ಮುಂದಿಟ್ಟಿದ್ದ ಹಸಿರು ಸೀರೆ ತಂದು ಅವಳ ಕೈಗಿಟ್ಟರು. "ಇದನ್ನ ಉಟ್ಕೊಂಡು ಹಿತ್ತಲಿಗೆ ಹೋಗು."

"ಅತ್ತೆ, ಜನ..."

"ಜನ ಜನ ಅಂತ್ಲೇ ಒಬ್ಬಳನ್ನ ಕಳ್ಕೊಂಡೆ. ಹೋಗು ಮಗಾ."

ಷಡಕ್ಷರಪ್ಪ ಮಂಡಿಯಿಂದ ಬರುವಾಗ ಮಬ್ಬಾಗಿತ್ತು. ಸ್ನಾನ ಮಾಡಿ ವಿಭೂತಿ ಧರಿಸಿ ಎಡೆಯ ಮುಂದೆ ಬಂದವನು ಗಕ್ಕನೆ ನಿಂತ.

"ಅವ್ವಾ, ಹಾಲಮ್ಮನ್ ಸೀರೆ ಎಲ್ಲಿ?"

ಹಿತ್ತಲಲ್ಲಿ ರಾಟೆ ಕಿರುಗುಟ್ಟಿತು. ಎಲೆಗೆ ಕಡುಬು ಬಡಿಸುತ್ತಿದ್ದ ಗುರುಸಿದ್ದಮ್ಮನವರ ಕೈ ಈ ಸಲ ನಿಲ್ಲಲಿಲ್ಲ.

"ಉಟ್ಕೊಂಡು ಹೋದ್ಲು ಕಣಪ್ಪಾ. ಹಿತ್ತಲಲ್ಲವ್ಳೆ, ಹೋಗಿ ನೋಡು."

ಅವನು ಹಿತ್ತಲ ಬಾಗಿಲಲ್ಲಿ ನಿಂತು ನೋಡಿದ. ಬಾವಿಯ ಪಕ್ಕದಲ್ಲಿ ಹಸಿರು ಸೀರೆಯೊಂದು ಬಗ್ಗಿ ಏಳುತ್ತಿತ್ತು. ಆಮೇಲೆ ಮಗನನ್ನು ಕೂಗಿದ.

"ಮರುಳಾ, ಅಲ್ಲಿ ಕತ್ತಲೆ ಐತೆ. ಚಿಕ್ಕಮ್ಮನಿಗೆ ಲಾಟೀನು ತಗೊಂಡು ಹೋಗೋ."