ನೀರು ಹಾಕಿ ಗಟ್ಟಿ ಮಾಡಿದ್ದು

ಇಡೀ ಟೊಲೀಡೊ ಊರಿನಲ್ಲಿ ಕ್ಯಾಸ್ ವ್ರೋನನಷ್ಟು ಸಾಬೂನು ಬಲ್ಲವರಿಲ್ಲ. ಇದು ನನ್ನ ಮಾತಲ್ಲ, ಕ್ಯಾಸ್‌ನದೇ ಮಾತು. ದಿನಕ್ಕೊಂದು ಸಲವಾದರೂ ಹೇಳದಿದ್ದರೆ ಅವನಿಗೆ ಉಂಡದ್ದು ಅರಗುವುದಿಲ್ಲ. ಅವನ ಅಪ್ಪ ಮೌಮೀ ನದಿಯ ದಡದಲ್ಲಿ ಕಡಾಯಿಯಿಟ್ಟು ಸಾಬೂನು ಬೇಯಿಸಿದವನು. ಈಗ ಅದೇ ಜಾಗದಲ್ಲಿ ನಾವು ಶಾಂಪೂ ಮಾಡುತ್ತೇವೆ. ಕಡಾಯಿ ಹೋಗಿ ಸ್ಟೀಲಿನ ಟ್ಯಾಂಕು ಬಂದಿದೆ, ಅಪ್ಪನ ಪದ್ಧತಿಯೊಂದು ಮಾತ್ರ ಹಾಗೇ ಉಳಿದಿದೆ. ಪ್ರತಿ ಟ್ಯಾಂಕಿಗೂ ಕೊನೆಯ ಉಪ್ಪನ್ನು ಯಜಮಾನನೇ, ಎಂದರೆ ಈಗ ಕ್ಯಾಸೇ, ಕೈಯಾರೆ ಹಾಕಬೇಕು.

ಹೌದು, ಶಾಂಪೂಗೂ ಉಪ್ಪೇ. ನೀವು ತಲೆಗೆ ಸುರಿದುಕೊಳ್ಳುವ ಆ ಗಟ್ಟಿ ದ್ರವದಲ್ಲಿ ಬಹುಪಾಲು ನೀರು. ಅದರೊಳಗೆ ನೊರೆ ಕೊಡುವ ಅಣುಗಳಿರುತ್ತವೆ. ಅವುಗಳ ತಲೆಗೆ ನೀರೆಂದರೆ ಪ್ರಾಣ, ಬಾಲಕ್ಕೆ ನೀರೆಂದರೆ ಆಗದು. ಹಾಗಾಗಿ ಬಾಲಗಳನ್ನು ಒಳಗೆ ಬಚ್ಚಿಟ್ಟು, ತಲೆಗಳನ್ನು ಹೊರಗೆ ಮಾಡಿಕೊಂಡು, ಯಾರೂ ಹೇಳದೆಯೇ ಗುಂಡಗೆ ಗುಂಪುಗೂಡುತ್ತವೆ. ಆದರೆ ಎಲ್ಲ ತಲೆಗಳ ಮೇಲೂ ಒಂದೇ ಬಗೆಯ ವಿದ್ಯುತ್ತು, ಒಂದನ್ನೊಂದು ತಳ್ಳುತ್ತವೆ. ಉಪ್ಪು ಬಿದ್ದರೆ ಜಗಳ ತಣಿಯುತ್ತದೆ, ತಲೆಗಳು ಹತ್ತಿರ ಸರಿಯುತ್ತವೆ, ಗುಂಡುಗಳು ಉದ್ದುದ್ದ ಶಾವಿಗೆಯ ಎಳೆಗಳಾಗಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಶಾಂಪೂ ಗಟ್ಟಿಯಾಗುವುದು ಹಾಗೆ. ಇಲ್ಲಿಯ ಕೆಮಿಸ್ಟ್ ಆಗಿ ನಾನು ಸಂಬಳ ತೆಗೆದುಕೊಳ್ಳುವುದೂ ಇದಕ್ಕೇ. ಎಷ್ಟು ವರ್ಷವಾದರೂ ಇದು ನನಗೆ ಬೇಸರ ತಂದಿಲ್ಲ.

ಆ ಗುರುವಾರ ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಟ್ಯಾಂಕಿನ ಬಳಿ ಎಲ್ಲರೂ ನೆರೆದಿದ್ದರು. ಹಸಿರು ಸೇಬಿನ ವಾಸನೆಯ ಶಾಂಪೂ. ಸಂಜೆಗೆ ಲಾರಿ ಬರುವುದಿತ್ತು. ಕ್ಯಾಸ್ ಸೌಟಿನಲ್ಲಿ ಎತ್ತಿ ಸುರಿದ. ಮಜ್ಜಿಗೆಯಷ್ಟೂ ಮಂದವಿರಲಿಲ್ಲ, ನೀರಿನ ಹಾಗೆ ಹರಿಯಿತು.

"ನೋಡ್ರಪ್ಪಾ ನೋಡಿ!" ಅವನ ಮುಖ ಕೆಂಪಗಾಗಿತ್ತು. "ನೀರಿನ ನಲ್ಲಿ ತಿರುಗಿಸಿಟ್ಟು ಫೋನಲ್ಲಿ ಹರಟೆ ಹೊಡ್ದಿದಾಳೆ. ಟ್ಯಾಂಕಿಗೆ ಟ್ಯಾಂಕೇ ಚರಂಡಿಗೆ! ಒಡೆಸ್ಸಾ, ನಿನ್ನ ಸಾಮಾನು ತಗೊಂಡು ಹೊರಡು. ಇವತ್ತಿಗೆ ಮುಗೀತು."

ಒಡೆಸ್ಸಾ ಪಿಕೆಟ್ ಈ ಟ್ಯಾಂಕನ್ನು ನಡೆಸುವವಳು. ನಾನಿಲ್ಲಿಗೆ ಬರುವ ಮೊದಲಿಂದಲೂ ನಡೆಸುತ್ತಿದ್ದಾಳೆ. ಅವಳ ಬಾಯಿ ಜೋರು. ಆ ಹೊತ್ತು ಮಾತ್ರ ತಲೆ ತಗ್ಗಿಸಿ ಕೈಗವಸು ಬಿಚ್ಚತೊಡಗಿದಳು. ಅದನ್ನು ಕಂಡು ನನಗೆ ಮೈಯೆಲ್ಲ ಉರಿದುಹೋಯಿತು.

"ನೀರು ಜಾಸ್ತಿ ಬಿಟ್ಟೆಯಾ?" ಎಂದು ಕೇಳಿದೆ.

"ಲಿಯೋನಾ, ಚಿನ್ನ, ನನ್ನ ಮಕ್ಕಳಾಣೆ ಇಲ್ಲ. ಮೀಟರ್ ನೋಡ್ಕೊಂಡೇ ಬಿಟ್ಟಿದ್ದು."

"ಕ್ಯಾಸ್, ನೀವು ಉಪ್ಪು ಎಷ್ಟು ಹಾಕಿದ್ರಿ?"

"ಯಾವಾಗ್ಲೂ ಹಾಕೋವಷ್ಟೇ! ತೆಳ್ಳಗಿತ್ತು, ಇನ್ನೊಂದು ಚೀಲ ಹಾಕ್ದೆ. ಆಗ್ಲೂ ಗಟ್ಟಿ ಆಗ್ಲಿಲ್ಲ, ಮತ್ತೊಂದು ಹಾಕ್ದೆ. ಅಷ್ಟು ಉಪ್ಪಿಗೂ ಬಗ್ತಿಲ್ಲ ಅಂದ್ರೆ ಈಯಮ್ಮ ಎಷ್ಟು ನೀರು ಬಿಟ್ಟಿರ್ಬೇಕು, ನೀನೇ ಲೆಕ್ಕ ಹಾಕು, ಪ್ರೊಫೆಸರ್!"

ನಾನು ಮೂಲೆಯಲ್ಲಿದ್ದ ಖಾಲಿ ಡ್ರಮ್ಮುಗಳ ಹತ್ತಿರ ಹೋದೆ. ನೊರೆಗೆಂದು ಟ್ಯಾಂಕಿಗೆ ಸುರಿಯುವ, ತೆಂಗಿನೆಣ್ಣೆಯಿಂದ ಮಾಡಿದ ಸಾಮಾನದು, ಈ ವಾರ ಹೊಸ ಕಡೆಯಿಂದ ತರಿಸಿದ್ದು. ತಳದಲ್ಲಿ ಉಳಿದದ್ದನ್ನು ಪರೀಕ್ಷೆ ಮಾಡಿದೆ. ಅದರೊಳಗೇ ಉಪ್ಪು ಧಾರಾಳವಾಗಿತ್ತು. ಅಂದರೆ ನಮ್ಮ ಮಾಮೂಲಿ ಉಪ್ಪು ಬೀಳುತ್ತಲೇ ಶಾಂಪೂ ತಾನು ಗಟ್ಟಿಯಾಗಬಲ್ಲ ತುದಿಯನ್ನು ದಾಟಿ ಆಚೆ ಇಳಿದಿತ್ತು. ಉಪ್ಪು ಅತಿಯಾದಾಗ ಆ ಶಾವಿಗೆ ಎಳೆಗಳು ಕವಲೊಡೆದು ಒಂದರೊಳಗೊಂದು ಬೆಸೆದು, ಸಿಕ್ಕಿಕೊಳ್ಳುವ ಬದಲು ಜಾರತೊಡಗುತ್ತವೆ. ಮತ್ತೆ ಉಪ್ಪು ಹಾಕಿದಷ್ಟೂ ತೆಳ್ಳಗಾಗುತ್ತದೆ. ಅತಿಯಾದರೆ ಅಮೃತವೂ ವಿಷ. ಶಾಂಪೂ ಮಾಡುವವರು ಮಾತ್ರ ಬೀಳಬಲ್ಲ ಹಳ್ಳ ಇದು, ಕ್ಯಾಸ್ ಅದರೊಳಗೆ ಚೀಲ ಹಿಡಿದುಕೊಂಡೇ ಇಳಿದಿದ್ದ.

ತಿರುಗಿ ಬಂದು, "ಚರಂಡಿಗೆ ಬೇಡ. ಇನ್ನೂ ನೀರು ಹಾಕೋಣ," ಎಂದೆ.

ಎಲ್ಲರೂ ಗೊಳ್ಳೆಂದು ನಕ್ಕರು. ಲೇಬಲ್ ಹಚ್ಚುವ ಹುಡುಗಿಯರೂ ನಕ್ಕರು.

"ನೀರಾಗಿರೋದಕ್ಕೆ ನೀರಾ?" ಕ್ಯಾಸ್ ಸೊಂಟದ ಮೇಲೆ ಕೈಯಿಟ್ಟ. "ನಮ್ಮಪ್ಪ ಇದ್ದಿದ್ರೆ ನಿನ್ನ ಡಿಗ್ರೀನ ಕಡಾಯಿಗೆ ಹಾಕಿ ಬೇಯಿಸ್ತಿದ್ದ!"

"ಕೇಳಿ ಇಲ್ಲಿ. ಒಡೆಸ್ಸಾ ನೀರು ಜಾಸ್ತಿ ಮಾಡಿದ್ರೆ, ಈಗ ನೀರು ಹಾಕಿದ್ರೆ ಇನ್ನೂ ತೆಳ್ಳಗಾಗುತ್ತೆ. ಆಗ ಅವಳ ಜೊತೆ ನಾನೂ ಹೊರಡ್ತೀನಿ. ನೀರು ಬಿದ್ದು ಉಪ್ಪಿನ ಅಂಶ ಇಳಿದು ಗಟ್ಟಿ ಆದ್ರೆ ತಪ್ಪು ನೀರಿಂದಲ್ಲ, ಉಪ್ಪಿಂದು. ಉಪ್ಪು ಹಾಕಿದ್ದು ಯಾರು ಅಂತ ನಾನು ಹೇಳ್ಬೇಕಾ?"

ನಗು ನಿಂತಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಕ್ಯಾಸ್, ಆದರೆ ಪಂಥವೆಂದರೆ ಹಿಂದೆ ಸರಿಯುವವನಲ್ಲ. "ಹಾಕು, ಹಾಕು. ಹೇಗೂ ಚರಂಡಿಗೆ ಹೋಗೋದು ತಾನೆ," ಎಂದ.

ನಾನು ಒಡೆಸ್ಸಾಳ ಕಡೆ ತಿರುಗಿದೆ. "ನಲ್ಲಿ ನೀನೇ ತಿರುಗಿಸು."

"ನಾನಾ? ಬೇಡ ಕಣೇ. ಮತ್ತೆ ನನ್ನ ತಲೆಗೇ ಕಟ್ತಾನೆ."

"ಅದಕ್ಕೇ ನೀನೇ ತಿರುಗಿಸ್ಬೇಕು. ನೋಡು, ನಿನ್ನ ನೀರಿಂದ್ಲೇ ಸರಿಹೋಗುತ್ತೆ."

ನನಗೆ ಭಯವಿತ್ತೇ ಎಂದರೆ, ಇರಲಿಲ್ಲ. ಅಣುಗಳು ಯಜಮಾನನ ಮುಖ ನೋಡಿ ನಡೆಯುವುದಿಲ್ಲ.

ಒಡೆಸ್ಸಾ ಕೈಗವಸು ಮತ್ತೆ ಹಾಕಿಕೊಂಡು ನಲ್ಲಿ ತಿರುಗಿಸಿದಳು. ಟ್ಯಾಂಕಿನೊಳಗಿನ ಕಡೆಗೋಲು ಸಲೀಸಾಗಿ ಗಿರಗಿರ ಸುತ್ತುತ್ತಿತ್ತು. ನೀರು ಬಿದ್ದ ಕಡೆ ಮೊದಮೊದಲು ಸುಮ್ಮನೆ ತೇಲಿತು. "ಹೂಂ," ಎಂದು ಕ್ಯಾಸ್ ಮೂಗಿನಲ್ಲಿ ನಕ್ಕ. ನಾನು ಇನ್ನಷ್ಟು ಬಿಡಲು ಸನ್ನೆ ಮಾಡಿದೆ. ಆಮೇಲೆ ಮೋಟಾರಿನ ದನಿ ನಿಧಾನಕ್ಕೆ ದಪ್ಪಗಾಯಿತು, ಭಾರ ಎಳೆಯುವಂತೆ ಗುಂಯ್‌ಗುಟ್ಟತೊಡಗಿತು. ಅದು ಒಡೆಸ್ಸಾಗೆ ನನಗಿಂತ ಮೊದಲು ಕೇಳಿಸಿತು. ದಿನವಿಡೀ ಕೇಳುವ ಸದ್ದಲ್ಲವೇ!

"ಸಾಕು, ಇನ್ನು ನಿಲ್ಲಿಸು," ಎಂದೆ.

ಕ್ಯಾಸ್ ಸೌಟು ಅದ್ದಿ ಎತ್ತಿದ. ಶಾಂಪೂ ಸೌಟಿನಿಂದ ಒಂದೇ ಎಳೆಯಾಗಿ, ಹೊಳೆಯುತ್ತ, ಯಾವ ಆತುರವೂ ಇಲ್ಲದೆ ಇಳಿಯಿತು. ಅವನು ಇನ್ನೊಮ್ಮೆ ಎತ್ತಿದ. ಆಮೇಲೆ ಬೆರಳ ನಡುವೆ ಉಜ್ಜಿ ನೋಡಿದ. ನನಗೆ ಎಷ್ಟು ಖುಷಿಯಾಯಿತೆಂದರೆ, ಕುಣಿಯುವುದೊಂದು ಬಾಕಿ.

"ಸರಿ, ಸರಿ," ಎಂದು ಕ್ಯಾಸ್ ಗೊಣಗಿದ. "ಲಾರಿಗೆ ತುಂಬಿಸಿ." ಹಾಗೆಂದು ಸೌಟನ್ನು ಒಡೆಸ್ಸಾಳ ಕಡೆ ಚಾಚಿ ಕೈಬಿಟ್ಟು ಆಫೀಸಿನ ಕಡೆ ನಡೆದ.

ಒಡೆಸ್ಸಾ ಸೌಟು ತೆಗೆದುಕೊಳ್ಳಲಿಲ್ಲ. ಅದು ನೆಲಕ್ಕೆ ಬಿದ್ದು ಠಣ್ ಎಂದಿತು.

"ಕ್ಯಾಸ್," ಎಂದಳು. ಈಗ ಅವಳು ತಲೆ ಎತ್ತಿ ನಿಂತಿದ್ದಳು. "ನನ್ನನ್ನ ಕೆಲಸದಿಂದ ತೆಗೆದಾಗ ಎಲ್ಲರಿಗೂ ಕೇಳೋ ಹಾಗೆ ಕೂಗಿದ್ರಿ. ವಾಪಸ್ ತಗೊಳ್ಳೋದನ್ನ ಯಾಕೆ ಗೊಣಗ್ತೀರಿ?"

ಕ್ಯಾಸ್ ನಿಂತ. ನಮ್ಮೆಲ್ಲರ ಮುಖ ನೋಡಿದ. ಕೊನೆಗೆ ಗಂಟಲು ಸರಿಮಾಡಿಕೊಂಡು, ಲೇಬಲ್ ಹುಡುಗಿಯರಿಗೂ ಕೇಳುವಂತೆ ಕೂಗಿದ:

"ತಪ್ಪು ನಂದು! ಒಡೆಸ್ಸಾಂದಲ್ಲ!"

"ಈಗ ಸೌಟು ಎತ್ತಿಕೊಡಿ," ಎಂದಳು ಒಡೆಸ್ಸಾ.

ಕ್ಯಾಸ್ ಬಗ್ಗಿ ಎತ್ತಿಕೊಟ್ಟ.