ಗುರುವಿಗೆ ಬೆನ್ನು

ಶಹಾಪುರದ ಫರ್ಹತಳದು ಉಡದ ಪಟ್ಟು. "ಹೆಣ್ಮಕ್ಕಳಿಗ್ಯಾಕ ಪಿಟೀಲು" ಎಂದು ಮೂಗು ಮುರಿದವರ ಮನೆಯ ಹೆಣ್ಣುಮಕ್ಕಳೇ ಈಗ ಅವಳ ಬಳಿ ಕಲಿಯುತ್ತಾರೆ. ದೊಡ್ಡ ಊರುಗಳಲ್ಲಿ ನುಡಿಸಿ ಹೆಸರು ಮಾಡಿದ ಮೇಲೂ ಅವಳಿಗೊಂದು ಆಸೆ ಉಳಿದಿತ್ತು. ಶಿಷ್ಯರ ವಾದ್ಯವೃಂದ ಕಟ್ಟಿ, ತಾನೇ ಮುಂದೆ ನಿಂತು ನಡೆಸಿ, ಯಾದಗಿರಿಯ ಜನಕ್ಕೆ ಕೇಳಿಸಬೇಕು. "ಜ್ವಾಳ ಬಿತ್ತೋ ನೆಲದಾಗ ವಾದ್ಯವೃಂದ ಬೆಳೀತದೇನು?" ಎಂದು ನಕ್ಕವರೆಲ್ಲ ವೃಂದದ ಮೊದಲ ಕಛೇರಿಯ ಆ ಸಂಜೆ ಯಾದಗಿರಿಯ ಸಭಾಭವನದಲ್ಲಿ ಬಂದು ಕೂತಿದ್ದರು. ಇಲ್ಲಿ ಸೋತರೆ ಮತ್ತೆ ತಲೆ ಎತ್ತಿ ತಿರುಗುವ ಹಾಗಿರಲಿಲ್ಲ.

ಪರದೆ ಸರಿಯಿತು. ಶಿಷ್ಯರತ್ತ ಮುಖ ಮಾಡಿ ಕೈ ಎತ್ತಬೇಕು, ಅಷ್ಟೇ. ಆದರೆ ಸಭೆಯ ಮೊದಲ ಸಾಲಿನಲ್ಲಿ ಸುರಪುರದ ಚಂದ್ರಾಮಪ್ಪ ಮಾಸ್ತರರು ಕೂತಿದ್ದರು. ಎಲ್ಲಿಗೆ ಹೋದರೂ ಬಿಡದ ಪಿಟೀಲಿನ ಪೆಟ್ಟಿಗೆ ತೊಡೆಯ ಮೇಲಿತ್ತು. ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಅವಳ ಬೆರಳಿಗೆ ತಂತಿ ತೋರಿಸಿದ ಗುರು. ಪಾಠ ಮುಗಿಸಿ ಹೊರಡುವಾಗಲೂ ಹಿಂದಹಿಂದಕ್ಕೆ ಹೆಜ್ಜೆಯಿಟ್ಟು ಅವರ ಹೊಸ್ತಿಲು ದಾಟಿದವಳು ಫರ್ಹತ. ಅಂಥವರಿಗೆ ಬೆನ್ನು ತೋರಿಸುವುದು ಹೇಗೆ? ಅರ್ಧ ಸಭೆಗೆ, ಅರ್ಧ ಶಿಷ್ಯರಿಗೆ ಮುಖ ಮಾಡಿ ಅಡ್ಡಡ್ಡ ನಿಂತೇ ಕೈ ಎತ್ತಿದಳು.

ಎರಡು ದೋಣಿಯ ಮೇಲೆ ಕಾಲಿಟ್ಟವರ ಗತಿಯೇ ಆಯಿತು. ಎಡಗಡೆಯ ಶಿಷ್ಯರಿಗೆ ಅವಳ ಕೈ ಕಂಡಿತು, ಬಲಗಡೆಯವರಿಗೆ ಬರೀ ಭುಜ. ಲಯ ಏರುತ್ತಲೇ ಒಂದು ಕಡೆಯವರು ಮುಂದೆ ಓಡಿದರು, ಇನ್ನೊಂದು ಕಡೆಯವರು ಹಿಂದೆ ಬಿದ್ದರು. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಫರ್ಹತಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕೈಸನ್ನೆ ಮಾಡಿ ವಾದನ ನಿಲ್ಲಿಸಿದಳು.

ಮಾಸ್ತರರು ಎದ್ದರು. ಹೊರಟೇಬಿಟ್ಟರು ಎಂದುಕೊಂಡಳು. ಅವರು ಕೋಲೂರುತ್ತ ವೇದಿಕೆ ಹತ್ತಿ, ಶಿಷ್ಯರ ಕೊನೆಯ ಸಾಲಿಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತು, ಪೆಟ್ಟಿಗೆ ಬಿಚ್ಚಿದರು.

"ಮಾಸ್ತರ್ರ, ನೀವಲ್ಲಿ ಕುಂದ್ರಬ್ಯಾಡ್ರಿ," ಎಂದಳು ಫರ್ಹತ.

"ಸುಮ್ನಿರವ್ವ. ಈಗ ನಾ ನಿನ್ನ ಮಾರಿ ಮುಂದ ಅದೀನಿ. ನೆಟ್ಟಗ ನಿಂದ್ರು, ಕೈ ಎತ್ತು. ನಿನ್ನ ಕೈನ ನೋಡಾಕತ್ತೀನಿ."

ಫರ್ಹತ ಸಭೆಗೆ ಪೂರ್ತಿ ಬೆನ್ನು ಹಾಕಿ ನಿಂತಳು. ಕೈ ಎತ್ತಿದಳು. ಕಮಾನುಗಳೆಲ್ಲ ಒಟ್ಟಿಗೆ ಎದ್ದವು, ಕೊನೆಯ ಸಾಲಿನ ಆ ಹಳೆಯ ಕಮಾನೂ ಅವಳ ಬೆರಳಿಗಾಗಿ ಕಾದಿತ್ತು. ಭೀಮ್‌ಪಲಾಸಿ ರಾಗ ಹರಿಯಿತು. ಅವಳು ಏರಿಸಿದಾಗ ಏರಿತು, ತಡೆದಾಗ ತಡೆಯಿತು, ಕೊನೆಗೆ ಅವಳು ಮುಷ್ಟಿ ಹಿಡಿದಾಗ ಒಂದೇ ಏಟಿಗೆ ನಿಂತಿತು. ನಕ್ಕವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳ ಹಿಗ್ಗಿಗೆ ಮೇರೆಯಿರಲಿಲ್ಲ.

ಸಾಲುಗಳ ನಡುವೆ ನುಗ್ಗಿ ಗುರುವಿನ ಪಾದಕ್ಕೆ ಬಾಗಲು ಹೋದಳು. ಮಾಸ್ತರರು ಕಮಾನು ಅಡ್ಡ ಹಿಡಿದರು.

"ಕಾಲಿಗೆ ಆಮ್ಯಾಲ ಬೀಳವಂತಿ. ಮಂದಿ ಇನ್ನೊಂದು ಕೇಳಾಕತ್ತಾರ. ಹೋಗು, ಕೈ ಎತ್ತು."